ಪೊರೆಯ ಟೆನ್ಷನ್, ಕ್ಲಾಥ್ರಿನ್ ವೆಸಿಕಲ್: ಒಂದೇ ಕೋಶದಲ್ಲಿ ಎರಡನ್ನೂ ಅಳೆದ ನನ್ನ ಅನುಭವ

ಒಂದೇ ಜೀವಕೋಶದಲ್ಲಿ ಪೊರೆಯ ಟೆನ್ಷನ್ (ಬಿಗುವು) ಅಳೆಯುತ್ತಲೇ ಕ್ಲಾಥ್ರಿನ್ ವೆಸಿಕಲ್ ಕಟ್ಟುವುದನ್ನೂ ನೋಡಬಹುದು. ಕ್ಲಾಥ್ರಿನ್ ಎಂಬ ಪ್ರೋಟೀನ್ ಕಟ್ಟಿಕೊಂಡಲ್ಲಿ ಪೊರೆ ಒಳಕ್ಕೆ ಬಾಗಿ ಗುಳಿಯಾಗುತ್ತದೆ, ಆ ಗುಳಿ ಕಳಚಿದರೆ ವೆಸಿಕಲ್ ಎಂಬ ಪುಟ್ಟ ಚೀಲ. ಆಗಲ್ಲ ಅಂದವರೇ ಜಾಸ್ತಿ. ಅವರ ತಕರಾರಿನಲ್ಲಿ ಹುರುಳಿತ್ತು. ಟೆನ್ಷನ್ ಅಳೆಯಲು ಪುಟ್ಟ ಮಣಿಯೊಂದನ್ನು (ಬೀಡ್) ಲೇಸರ್ ಟ್ರ್ಯಾಪ್‌ನಲ್ಲಿ ಹಿಡಿದು ಪೊರೆಯಿಂದ ಟೆದರ್ ಎಂಬ ತೆಳು ನಾಳ ಎಳೆಯುವುದು ಕೋಶದ ಮೇಲುಗಡೆ, ವೆಸಿಕಲ್ ನೋಡುವ ಟರ್ಫ್ ಸೂಕ್ಷ್ಮದರ್ಶಕದಲ್ಲಿ ಕಾಣುವುದು ಗಾಜಿಗೆ ಅಂಟಿದ ತಳ. ಪೊರೆಯ ಒಂದು ಮೂಲೆಯ ಬಿಗುವು ಇನ್ನೊಂದು ಮೂಲೆಗೆ ಸಲೀಸಾಗಿ ಹರಡುವುದಿಲ್ಲ ಎಂದು ಆಡಂ ಕೋಹೆನ್ ತಂಡ 2018ರಲ್ಲಿ ತೋರಿಸಿಬಿಟ್ಟಿತ್ತು. ಹಾಗಾಗಿ ಮೇಲಿನ ಅಳತೆ ತಳಕ್ಕೆ ಸಾಕ್ಷಿಯಾಗದು ಎಂಬುದು ಎಲ್ಲರ ವಾದ.

ಟೆನ್ಷನ್ ಏರಿಸಲು ಮೊದಲು ಹಿಡಿದದ್ದು ಎಲ್ಲರೂ ಹಿಡಿಯುವ ದಾರಿ: ಬಫರ್‌ಗೆ ನೀರು ಬೆರೆಸಿ ಕೋಶ ಉಬ್ಬಿಸುವುದು. ಕೋಶ ಉಬ್ಬಿತು. ಆದರೆ ಉಪ್ಪೂ ತೆಳುವಾಯಿತಲ್ಲ, ಗುಳಿಗಳು ನಿಧಾನವಾದದ್ದು ಬಿಗುವಿನಿಂದಲೋ ಅಯಾನು ಕಡಿಮೆಯಾಗಿಯೋ ಹೇಳುವಂತಿರಲಿಲ್ಲ. ಹತ್ತು ಹದಿನೈದು ನಿಮಿಷದಲ್ಲಿ ಕೋಶ ತನ್ನ ಗಾತ್ರ ತಾನೇ ಸರಿಮಾಡಿಕೊಂಡು ಟೆನ್ಷನ್ನೂ ಇಳಿಯುತ್ತಿತ್ತು. ಸಿಲಿಕೋನ್ ಹಾಳೆಯ ಮೇಲೆ ಕೋಶ ಬೆಳೆಸಿ ಹಾಳೆಯನ್ನೇ ಎಳೆದು ನೋಡಿದೆ. ಎಳೆದ ಪ್ರತಿ ಸಲವೂ ಫೋಕಸ್ ಓಡಿಹೋಗುತ್ತಿತ್ತು. ಆ ಎಳೆಯುವ ಸಾಧನಕ್ಕೆ ಸುರಿದ ಹಣ ವಾಪಸ್ ಬರಲಿಲ್ಲ.

ಕೆಲಸ ಮಾಡಿದ್ದು ಮ್ಯಾನಿಟಾಲ್, ಸಕ್ಕರೆಯಂಥ, ಅಯಾನಾಗದ ವಸ್ತು. ಸೋಡಿಯಂ ಕ್ಲೋರೈಡನ್ನು ಮೊದಲೇ ಅರ್ಧಕ್ಕೆ ಇಳಿಸಿ, ಕೊರತೆಯನ್ನು ಮ್ಯಾನಿಟಾಲ್‌ನಿಂದ ತುಂಬಿ, ಕರಗಿದ ಕಣಗಳ ಒಟ್ಟು ಸಾಂದ್ರತೆಯನ್ನು 300 ಮಿಲಿಆಸ್ಮೋಲ್‌ಗೆ ತಂದೆ. ಕೋಶಗಳನ್ನು ಅದರಲ್ಲೇ ಒಗ್ಗಿಸಿದೆ. ಆಮೇಲೆ ತೆಗೆದದ್ದು ಮ್ಯಾನಿಟಾಲ್ ಮಾತ್ರ, 200ರ ಆಸುಪಾಸಿನವರೆಗೆ. ಅಯಾನುಗಳು ಇದ್ದಲ್ಲೇ ಇದ್ದವು. ಎಷ್ಟು ವೇಗದಲ್ಲಿ ತೆಗೆದರೆ ಟೆನ್ಷನ್ ಏರಿದಲ್ಲೇ ನಿಲ್ಲುತ್ತದೆ ಅನ್ನುವುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಬೀಡ್ ಪೊರೆಗೆ ಅಂಟಲು ಅದಕ್ಕೆ ಕಾನ್‌ಕನವಾಲಿನ್ ಎ ಎಂಬ ಪ್ರೋಟೀನ್ ಎಷ್ಟು ಹಚ್ಚಬೇಕು ಅನ್ನುವುದನ್ನೂ ಅಷ್ಟೇ. ಸಿರಿಂಜ್ ಪಂಪ್ ಕೊಳ್ಳಲಿಲ್ಲ. ಎರಡು ಸಿರಿಂಜ್‌ಗಳನ್ನು ಎತ್ತರದಲ್ಲಿ ಕಟ್ಟಿ ದ್ರವ ತಾನಾಗಿ ಇಳಿಯಲು ಬಿಟ್ಟೆ. ಪಂಪಿನ ನಡುಕವಿಲ್ಲದ್ದರಿಂದ ಟ್ರ್ಯಾಪ್‌ನಲ್ಲಿ ಬೀಡ್ ಕದಲಲಿಲ್ಲ, ಅಷ್ಟು ದುಡ್ಡೂ ಉಳಿಯಿತು. ಒಂದು ಮಾತು: ಮ್ಯಾನಿಟಾಲ್ ಬದಲಾದಂತೆ ದ್ರವದ ವಕ್ರೀಭವನವೂ ತುಸು ಬದಲಾಗುತ್ತದೆ, ಟ್ರ್ಯಾಪ್ ಕ್ಯಾಲಿಬ್ರೇಷನ್ ಎರಡೂ ಬಫರ್‌ಗಳಲ್ಲಿ ಆಗಬೇಕು.

ಟೆದರ್ ಬಲ ಸುಮಾರು 15 ಪಿಕೋನ್ಯೂಟನ್‌ನಿಂದ 30ರ ಹತ್ತಿರ ಹೋಯಿತು. ಬಲ ಎರಡು ಪಟ್ಟು ಅಂದರೆ ಟೆನ್ಷನ್ ನಾಲ್ಕು ಪಟ್ಟು, ಇದನ್ನು ಮರೆತು ಬಲವನ್ನೇ ಗ್ರಾಫ್‌ಗೆ ಹಾಕುವವರು ಬಹಳ ಜನ. 100 ನ್ಯಾನೋಮೀಟರ್ ಅಗಲದ ವೆಸಿಕಲ್‌ಗೆ ಬೇಕಾದಷ್ಟು ಪೊರೆಯನ್ನು ಒಳಗೆ ಎಳೆದುಕೊಳ್ಳುವ ಖರ್ಚು ಮೊದಲು 250–300 ಕೆಬಿಟಿ (ಅಣುಗಳ ಉಷ್ಣ ಚಲನೆಯ ಶಕ್ತಿಯ ಅಳತೆ) ಇದ್ದದ್ದು ಈಗ ಸಾವಿರ ದಾಟುತ್ತದೆ. ಪೊರೆ ಬಾಗಿಸುವ 500ರಷ್ಟು ಖರ್ಚು ಬೇರೆ.

ತಳದ ಪ್ರಶ್ನೆಗೆ ಉತ್ತರ ಕೊಟ್ಟದ್ದು ಫ್ಲಿಪರ್-ಟಿಆರ್, ಪೊರೆಯ ಬಿಗುವಿಗೆ ಸ್ಪಂದಿಸುವ ಹೊಳೆಯುವ ಬಣ್ಣ. ತಳದ ಪ್ಲೇನ್‌ನಲ್ಲೇ ಫ್ಲಿಮ್ ತೆಗೆದೆ, ಅಂದರೆ ಬಣ್ಣದ ಹೊಳಪು ಎಷ್ಟು ಹೊತ್ತು ಉಳಿಯುತ್ತದೆ (ಲೈಫ್‌ಟೈಮ್) ಎಂಬುದರ ಚಿತ್ರ. ಮೇಲೆ ಟೆದರ್ ಬಲ ಏರಿದಾಗಲೆಲ್ಲ ತಳದಲ್ಲಿ ಫ್ಲಿಪರ್‌ನ ಲೈಫ್‌ಟೈಮ್ ಕೂಡ ಏರಿತು. ಒಂದು ಕಡೆ ಎಳೆಯುವುದು ಬೇರೆ, ಇಡೀ ಕೋಶ ಉಬ್ಬುವುದು ಬೇರೆ ಎಂದು ನಾನು ಹೇಳುತ್ತಾ ಬಂದದ್ದು ಇದನ್ನೇ. ಫ್ಲಿಪರ್ 488 ನ್ಯಾನೋಮೀಟರ್ ಬೆಳಕಿನಲ್ಲಿ ಉದ್ದೀಪನಗೊಂಡು 600ರ ಸುತ್ತ ಬೆಳಗುವುದರಿಂದ ಜಿಎಫ್‌ಪಿ, ಎಂಚೆರಿ ಎಂಬ ಹೊಳೆಯುವ ಪ್ರೋಟೀನ್ ಗುರುತುಗಳೆರಡೂ ಅಡ್ಡ ಬರುತ್ತವೆ. ಕ್ಲಾಥ್ರಿನ್ ಗುಳಿಯಲ್ಲಿರುವ ಎಪಿ2 ಪ್ರೋಟೀನ್‌ಗೆ ಹೇಲೋಟ್ಯಾಗ್ (ಬಣ್ಣ ಅಂಟಿಸಬಹುದಾದ ಗುರುತು) ಹಾಕಿ ದೂರದ ಕೆಂಪು ಬಣ್ಣಕ್ಕೆ ಹೋದೆ. ಆ ಕೋಶಗಳನ್ನು ತಯಾರಿಸುವುದು, ಫ್ಲಿಮ್ ಯಂತ್ರದ ಗಂಟೆ ಬಾಡಿಗೆ, ಇವೆರಡೇ ಅನುದಾನದ ಅರ್ಧಕ್ಕಿಂತ ಹೆಚ್ಚು ತಿಂದವು.

ಗುಳಿಗಳು ಸಾಮಾನ್ಯವಾಗಿ ಒಂದು ನಿಮಿಷದಲ್ಲಿ ಹೊಳೆದು, ಕಳಚಿ, ಮಾಯವಾಗುತ್ತವೆ. ಬಿಗುವು ಏರಿದಾಗ ಎರಡು ನಿಮಿಷ ದಾಟಿದರೂ ಅನೇಕವು ಅಲ್ಲೇ ಮಿನುಗುತ್ತಾ ಉಳಿದವು. ಅದರ ಮೇಲೆ, ಕೋಶದೊಳಗಿನ ಆಕ್ಟಿನ್ ಪ್ರೋಟೀನ್ ಎಳೆಗಳು ಕಟ್ಟದಂತೆ ತಡೆಯುವ ಲ್ಯಾಟ್ರನ್‌ಕ್ಯುಲಿನ್ ಕೊಟ್ಟರೆ ಬಹುತೇಕ ನಿಂತೇಹೋದವು. ಉಬ್ಬಿಸದ ಕೋಶಗಳಲ್ಲಿ ಅದೇ ಮದ್ದಿಗೆ ಅಷ್ಟೇನೂ ಪರಿಣಾಮವಿರಲಿಲ್ಲ. 2011ರಲ್ಲಿ ಕಿರ್ಚ್‌ಹೌಸೆನ್ ತಂಡ ಹೇಳಿದ್ದೂ ಇದೇ, ಬಿಗಿಯಾದ ಪೊರೆಯಲ್ಲಿ ಆಕ್ಟಿನ್ ಇಲ್ಲದೆ ಗುಳಿ ಮುಗಿಯದು. ನನ್ನಲ್ಲಿ ಪಕ್ಕದಲ್ಲೇ ಟೆನ್ಷನ್ ಅಂಕಿಯೂ ಇದೆ ಅನ್ನುವುದು ನನಗೆ ಹೆಮ್ಮೆ.

ಕುತೂಹಲಕ್ಕೆ ಕ್ಯಾವಿಯೋಲೆಗಳನ್ನೂ, ಅಂದರೆ ಪೊರೆಯಲ್ಲಿನ ಬೇರೊಂದು ಬಗೆಯ ಪುಟ್ಟ ಗುಳಿಗಳನ್ನೂ, ನೋಡಿದೆ. ಉಬ್ಬಿಸಿದಾಗ ಅವು ಚಪ್ಪಟೆಯಾಗಿ ಪೊರೆಗೆ ಜಾಗ ಬಿಟ್ಟುಕೊಡುತ್ತವೆ, ಅವುಗಳ ಹೊದಿಕೆಯಾದ ಕ್ಯಾವಿನ್ ಪ್ರೋಟೀನ್‌ನ ಚುಕ್ಕಿಗಳು ಮಸುಕಾಗುತ್ತವೆ. ಆದ್ದರಿಂದ ಕ್ಯಾವಿಯೋಲೆ ಜಾಸ್ತಿಯಿರುವ ಕೋಶಗಳಲ್ಲಿ ಟೆನ್ಷನ್ ಏರಿಸುವುದು ಕಷ್ಟ, ಈ ಪ್ರಯೋಗಕ್ಕೆ ಅಂಥವು ಬೇಡ.

ಮ್ಯಾನಿಟಾಲ್ ವಾಪಸ್ ಹಾಕಿದಾಗ ತಳದಲ್ಲಿ ದೊಡ್ಡ ದೊಡ್ಡ ಗುಳ್ಳೆಗಳು ಎದ್ದು ಕಾಣುತ್ತವೆ. ಅವು ಕ್ಲಾಥ್ರಿನ್‌ನವಲ್ಲ. ಮಿಕ್ಕಿದ ಪೊರೆ ಒಳಕ್ಕೆ ಮಡಿಚಿಕೊಂಡದ್ದು ಅಷ್ಟೇ, ಕೆಲವು ನಿಮಿಷದಲ್ಲಿ ಅಡಗುತ್ತವೆ. ಅವು ಅಡಗುವವರೆಗಿನ ಫ್ರೇಮ್‌ಗಳನ್ನು ಎಣಿಕೆಗೆ ಸೇರಿಸಬೇಡಿ.