ಐನೂರು ರೂಪಾಯಿ ಮಾತು, ಜರ್ಮನಿಯ ನೋಟರಿ

ಕಾನೂನು ಕಾಲೇಜಿನಲ್ಲಿ ಕರಾರು ಕಾನೂನು ಪಾಠ ಮಾಡುತ್ತೇನೆ. ಮೊದಲೆಲ್ಲ ಹೋಲಿಕೆ ಅಂದರೆ ಬೋರ್ಡ್ ಮೇಲೆ ಒಂದು ಗೆರೆ ಎಳೆಯುತ್ತಿದ್ದೆ. ಈ ಕಡೆ ಇಂಗ್ಲೆಂಡ್, ಭಾರತ: ಮಾತು ಕೋರ್ಟಿನಲ್ಲಿ ನಿಲ್ಲಬೇಕಾದರೆ ಪ್ರತಿಫಲ, ಅಂದರೆ ಆ ಮಾತಿಗೆ ಬದಲಾಗಿ ಏನಾದರೂ, ಬೇಕು. ಆ ಕಡೆ ಜರ್ಮನಿ: ಬೇಡ. ಮಕ್ಕಳು ಬರೆದುಕೊಂಡು ಪರೀಕ್ಷೆಯಲ್ಲಿ ಹಾಗೇ ಇಳಿಸುತ್ತಿದ್ದರು. (ಜರ್ಮನಿಯಂತೆ ಸಂಹಿತೆಯ ಮೇಲೆ ಕಾನೂನು ನಿಂತಿರುವ ದೇಶಕ್ಕೆ ‘ಸಿವಿಲ್ ಲಾ ದೇಶ’ ಅನ್ನುತ್ತಾರೆ. ಅದನ್ನು ಸಿವಿಲ್ ಕೇಸು ಜಾಸ್ತಿ ಇರುವ ದೇಶ ಅಂದುಕೊಂಡವರೂ ಇದ್ದರು!)

ಒಂದು ದಿನ ಹಿಂದಿನ ಬೆಂಚಿನ ಹುಡುಗಿ ಕೇಳಿದಳು: “ಹಾಗಾದ್ರೆ ಮೇಡಂ, ಅಲ್ಲಿ ಯಾರಾದ್ರೂ ಸುಮ್ನೆ ದುಡ್ಡು ಕೊಡ್ತೀನಿ ಅಂದ್ರೂ ಕೋರ್ಟಿಗೆ ಹೋಗಿ ವಸೂಲಿ ಮಾಡ್ಬಹುದಾ?”

“ಹೂಂ, ಮಾಡಬಹುದು” ಅಂದುಬಿಟ್ಟೆ. ರಾತ್ರಿ ಯಾಕೋ ಅನುಮಾನ ಬಂತು. ಜರ್ಮನ್ ಸಿವಿಲ್ ಸಂಹಿತೆ ತೆಗೆದರೆ 518ನೇ ಸೆಕ್ಷನ್ ಕಣ್ಣಿಗೆ ಬಿತ್ತು: ದಾನದ ಮಾತು ನೋಟರಿ ಮಾಡಿದ ಪತ್ರದಲ್ಲೇ ಇರಬೇಕು. ದುಡ್ಡು ಕೈಗೆ ಕೊಟ್ಟೇಬಿಟ್ಟರೆ ಮಾತ್ರ ಪತ್ರದ ಕೊರತೆ ಲೆಕ್ಕಕ್ಕಿಲ್ಲ. ಮಾರನೇ ದಿನ ಕ್ಲಾಸಿನಲ್ಲಿ ತಪ್ಪು ಒಪ್ಪಿಕೊಂಡೆ.

ಈಗ ಗೆರೆ ಎಳೆಯುವುದಿಲ್ಲ, ಕೇಸಿನಿಂದ ಶುರು ಮಾಡುತ್ತೇನೆ. 1914ರ ಅಲಹಾಬಾದ್ ಕೇಸು, ಅಬ್ದುಲ್ ಅಜೀಜ್ ವಿರುದ್ಧ ಮಾಸೂಮ್ ಅಲಿ. ಮಸೀದಿ ರಿಪೇರಿಗೆ 500 ರೂಪಾಯಿ ಕೊಡುವ ಮಾತಾಗಿತ್ತು, ಅದನ್ನು ನಂಬಿ ಯಾವ ಕೆಲಸವೂ ಶುರುವಾಗಿರಲಿಲ್ಲ. ಪ್ರತಿಫಲ ಇಲ್ಲ, ವಸೂಲಿ ಇಲ್ಲ. “ಇದೇ ಮಾತು ಜರ್ಮನಿಯಲ್ಲಿ ಆಗಿದ್ದರೆ?” ಅನ್ನುತ್ತೇನೆ. ಅಲ್ಲೂ ಬರೀ ಬಾಯಿಮಾತಿಗೆ ದುಡ್ಡು ಹುಟ್ಟುವುದಿಲ್ಲ, ಆದರೆ ಕಾರಣ ಬೇರೆ. ಅಲ್ಲಿ ಕೇಳುವುದು ‘ಬದಲಿಗೆ ಏನು ಸಿಕ್ಕಿತು’ ಅಂತಲ್ಲ, ‘ಪತ್ರ ಎಲ್ಲಿ’ ಅಂತ.

ನೋಟರಿ ಅಂದ ಕೂಡಲೇ ಕ್ಲಾಸು ನಗುತ್ತದೆ. ನಮ್ಮವರ ಕಣ್ಣಿಗೆ ಬರುವುದು ಕೋರ್ಟಿನ ಹೊರಗೆ ಟೇಬಲ್ ಹಾಕಿಕೊಂಡು ಅಫಿಡವಿಟ್‌ಗೆ ಸೀಲು ಒತ್ತುವವರು. ಜರ್ಮನಿಯ ನೋಟರಿ ಇಡೀ ಪತ್ರವನ್ನು ಎದುರಿಗೆ ಕೂತವರಿಗೆ ಗಟ್ಟಿಯಾಗಿ ಓದಿ ಹೇಳಬೇಕು, ಆಮೇಲೇ ಸಹಿ. ಒಂದು ಸಲ ಇಬ್ಬರನ್ನು ಮುಂದೆ ಕೂರಿಸಿ ಒಂದು ಪುಟದ ದಾನಪತ್ರ ಓದಿಸಿದೆ. ದಾನಿಯಾಗಿದ್ದ ಹುಡುಗ ಅರ್ಧದಲ್ಲೇ “ಮೇಡಂ, ಕೊಡೋದು ಬೇಡ ಅನ್ಸ್ತಿದೆ” ಅಂದ! ಪತ್ರ ಯಾಕೆ ಕೇಳುತ್ತಾರೆ ಅನ್ನುವುದನ್ನು ನಾನು ಬಿಡಿಸಿ ಹೇಳಬೇಕಾಗಲೇ ಇಲ್ಲ.

ಆಮೇಲೆ ನಮ್ಮ 1872ರ ಕಾಯ್ದೆಯ 25ನೇ ಸೆಕ್ಷನ್‌ಗೆ ಬರುತ್ತೇವೆ. ಹತ್ತಿರದ ಸಂಬಂಧಿಗೆ ಪ್ರೀತಿಯಿಂದ ಕೊಟ್ಟ ಮಾತು ಬರವಣಿಗೆಯಲ್ಲಿದ್ದು ನೋಂದಣಿಯಾಗಿದ್ದರೆ ಪ್ರತಿಫಲ ಬೇಡ. “ಅಂದ್ರೆ ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸೇ ಅವರ ನೋಟರಿ, ಅಲ್ವಾ?” ಅನ್ನುತ್ತಾರೆ ಮಕ್ಕಳು. ಪೂರ್ತಿ ಅಲ್ಲ, ಆದರೆ ನನ್ನ ಹಳೇ ಗೆರೆಗಿಂತ ಇದು ಎಷ್ಟೋ ವಾಸಿ.

ಕೊನೆಗೆ 1886ರ ಹೌರಾ ಟೌನ್ ಹಾಲ್ ಕೇಸು. 100 ರೂಪಾಯಿ ಚಂದಾ ಮಾತು ನಂಬಿ ಕಂಟ್ರಾಕ್ಟರನಿಗೆ ಕೆಲಸ ಒಪ್ಪಿಸಿದ್ದರು, ಹಾಗಾಗಿ ಕಲ್ಕತ್ತಾ ಹೈಕೋರ್ಟ್ ಕೊಡಲೇಬೇಕು ಅಂದಿತು. ಇದನ್ನು ಜರ್ಮನಿಗೆ ಒಯ್ದರೆ? ಪತ್ರ ಇಲ್ಲ, ಕೆಲಸ ಶುರುವಾಗಿದೆ. ಈ ವರ್ಷ ಬೆಲ್ ಹೊಡೆದ ಮೇಲೂ ಕಾರಿಡಾರಿನಲ್ಲಿ ಜಗಳ ನಡೆದೇ ಇತ್ತು.