ಸೆಕ್ರೆಟೇರಿಯಟ್‌ನ 21 ಸಾಲು: ರೇಸ್ ಕುದುರೆಯ ದಾಖಲೆ ಓದೋದು ಹೇಗೆ

ಗೆರೆ ಎಳೆದ ನೂರು ಪುಟದ ನೋಟ್‌ಬುಕ್ ಒಂದು, ಅಡಿಪಟ್ಟಿ ಒಂದು, ನೀಲಿ ಪೆನ್ನು, ಕೆಂಪು ಪೆನ್ನು. ಮೊದಲು ಇಷ್ಟು ಹೊಂದಿಸಿಕೊಳ್ರಿ. ವಿಡಿಯೊ ಆಮೇಲೆ ನೋಡೋಣ. ಮೊದಲೇ ನೋಡಿದರೆ ಕಣ್ಣು ಗೆದ್ದ ಕುದುರೆಗೆ ಅಂಟಿಕೊಂಡುಬಿಡ್ತದೆ, ಓಟ ಕಾಣೋದಿಲ್ಲ.

ನಾನು ಬಳ್ಳಾರಿ ಕೌಲ್ ಬಜಾರಿನವನು. ಅಪ್ಪ ಟಾಂಗಾ ಹೊಡೀತಿದ್ರು. ನಾನು ಮೂವತ್ತು ವರ್ಷ ಎತ್ತಿಗೂ ಕುದುರೆಗೂ ಲಾಳ ಹೊಡೆದೆ. ಈಗ ಟಾಂಗಾ ಇಲ್ಲ, ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದವು, ಕೈಗೆ ಬಿಡುವು ಸಿಕ್ತು. ಸಂಜೆ ನಮ್ಮ ಕಟ್ಟೆ ಮೇಲೆ ಕೂರೋ ಹುಡುಗರು ಮೊಬೈಲಿನಲ್ಲಿ ರೇಸ್ ನೋಡ್ತಾ "ತಾತ, ಈ ಕುದುರೆ ಅಷ್ಟು ದೊಡ್ಡದಾ?" ಅಂತ ಕೇಳ್ತಾರೆ. ಅವರಿಗೆ ಹೇಳಿಕೊಟ್ಟಿದ್ದನ್ನೇ ಇಲ್ಲಿ ಬರೀತಿದ್ದೀನಿ. ಬಾಜಿ ಕಟ್ಟೋರಿಗೆ ಇದರಿಂದ ಏನೂ ಸಿಗೋದಿಲ್ಲ. ಒಂದು ಪ್ರಾಣಿ ತನ್ನ ಮೈಯಿಂದ ಏನು ಮಾಡಿತು ಅಂತ ಕಾಗದದ ಮೇಲಿಂದ ತಿಳಿಯೋ ಆಸೆ ಇದ್ದವರು ಓದ್ರಿ.

ಅಭ್ಯಾಸಕ್ಕೆ ಅಮೆರಿಕದ ಸೆಕ್ರೆಟೇರಿಯಟ್‌ನನ್ನೇ ತಗೊಳ್ರಿ. 1970ರ ಮಾರ್ಚ್ 30ರಂದು ವರ್ಜೀನಿಯಾದಲ್ಲಿ ಹುಟ್ಟಿದ ಕೆಂಚು ಗಂಡು, ಮೂರು ಕಾಲು ಬಿಳಿ. ತಂದೆ ಬೋಲ್ಡ್ ರೂಲರ್, ತಾಯಿ ಸಮ್‌ಥಿಂಗ್‌ರಾಯಲ್. ಒಡತಿ ಪೆನ್ನಿ ಚೆನರಿ, ತರಬೇತುದಾರ ಲೂಸಿಯೆನ್ ಲಾರಿನ್, ಹೆಚ್ಚಿನ ಓಟಗಳಲ್ಲಿ ಜಾಕಿ ರಾನ್ ಟರ್ಕಾಟ್. ಲಾಯದಲ್ಲಿ ಅವನನ್ನು ನೋಡಿಕೊಂಡವನು ಎಡ್ಡಿ ಸ್ವೆಟ್. ಈ ಕೊನೇ ಹೆಸರನ್ನೂ ಬರ್ಕೊಳ್ರಿ. ಮೈ ತಿಕ್ಕಿ ಹುಲ್ಲು ಹಾಕಿದವನ ಹೆಸರು ದಾಖಲೆಯಲ್ಲಿ ಸಿಗೋದು ಅಪರೂಪ.

ಓಡಿದ್ದು ಎರಡೇ ವರ್ಷ, 1972 ಮತ್ತು 1973. ಅವನ ದಾಖಲೆಯ ತಲೆಸಾಲು ಹೀಗಿದೆ: 21 ಓಟ, 16 ಗೆಲುವು, 3 ಸಲ ಎರಡನೇ ಸ್ಥಾನ, 1 ಸಲ ಮೂರನೇ ಸ್ಥಾನ. ಕೂಡಿಸಿ ನೋಡ್ರಿ, 20 ಆಗ್ತದೆ. ಉಳಿದ ಒಂದು ಓಟ ಎಲ್ಲಿ ಹೋಯ್ತು? ಅದು ನಾಲ್ಕನೇ ಸ್ಥಾನ, ಅದೂ ಅವನ ಮೊಟ್ಟಮೊದಲ ಓಟದಲ್ಲೇ. ತಲೆಸಾಲು ಕಂಡ ಕೂಡಲೇ ಹೀಗೆ ಕೂಡಿಸೋ ಚಾಳಿ ಬೆಳೆಸ್ಕೊಳ್ರಿ.

ಈಗ ಹಾಳೆಗೆ ಗೆರೆ ಹಾಕ್ರಿ. ತಾರೀಖು, ಮೈದಾನ, ದೂರ, ಮಣ್ಣೋ ಹುಲ್ಲೋ, ಹೊತ್ತ ಭಾರ, ಸಮಯ, ಸ್ಥಾನ ಮತ್ತು ಅಂತರ. ಇವೆಲ್ಲ ಅರ್ಧ ಹಾಳೆಯಲ್ಲಿ ಮುಗೀಬೇಕು. ಉಳಿದರ್ಧ ಪೂರ್ತಿ ಷರಾಕ್ಕೆ ಬಿಡ್ರಿ. ಗೆದ್ದದ್ದು ನೀಲಿ, ಸೋತದ್ದು ಕೆಂಪು.

ದೂರ ಫರ್ಲಾಂಗಿನಲ್ಲಿ ಇರ್ತದೆ. ಎಂಟು ಫರ್ಲಾಂಗಿಗೆ ಒಂದು ಮೈಲಿ. ಒಂದು ಫರ್ಲಾಂಗು ಅಂದರೆ 201 ಮೀಟರ್. ಹಳೇ ರಸ್ತೆಗಳ ಬದಿಯಲ್ಲಿ ಫರ್ಲಾಂಗು ಕಲ್ಲು ನೋಡಿದವರಿಗೆ ಇದು ಹೊಸದಲ್ಲ. ಆದರೆ ಅಂಕಿ ಬರೆದರೆ ಸಾಲದು, ದೂರ ಕಾಲಿಗೆ ಗೊತ್ತಾಗಬೇಕು. 1973ರಲ್ಲಿ ಅವನು ಓಡಿದ ಬೆಲ್ಮಾಂಟ್ ಸ್ಟೇಕ್ಸ್ ಅನ್ನೋ ಓಟ 12 ಫರ್ಲಾಂಗು, ಸುಮಾರು 2.4 ಕಿಲೋಮೀಟರ್. ಮೊಮ್ಮಗನ ಬೈಕಿನ ಮೀಟರ್ ನೋಡಿ ಕಾಲುವೆ ದಂಡೆಯ ಮೇಲೆ ಅಷ್ಟು ದೂರ ಅಳೆದೆ. ಈ ತುದಿಗೆ ಒಂದು ಬಳ್ಳಾರಿ ಜಾಲಿ, ಆ ತುದಿಗೆ ಒಂದು ತೂಬು. ನಡೆದುಕೊಂಡು ಹೋದರೆ ನನಗೆ ಅರ್ಧ ಗಂಟೆ ಮೇಲೆ ಹಿಡೀತು. ಸೆಕ್ರೆಟೇರಿಯಟ್ ಅದನ್ನು ಮುಗಿಸಿದ್ದು 2 ನಿಮಿಷ 24 ಸೆಕೆಂಡಿನಲ್ಲಿ. ಗಂಟೆಗೆ 60 ಕಿಲೋಮೀಟರ್ ಲೆಕ್ಕ. ಆ ದಂಡೆಯ ಮೇಲೆ ಮೊಮ್ಮಗ ಬೈಕನ್ನು 60ಕ್ಕೆ ತಂದಾಗ ನಾನು ಅವನ ಸೊಂಟ ಹಿಡಿದು ಕಣ್ಣು ಮುಚ್ಚಿದ್ದೆ. ಕುದುರೆಯ ಬೆನ್ನ ಮೇಲೆ ಜಾಕಿ, ಜೀನು ಎಲ್ಲ ಸೇರಿ 126 ಪೌಂಡು, ಅಂದರೆ 57 ಕಿಲೋ ಇತ್ತು. ನಿಮ್ಮೂರಲ್ಲೂ ಎರಡು ಗುರುತು ಹುಡುಕಿ ಅಳೀರಿ.

ಸಮಯ ಓದೋದರಲ್ಲಿ ಎಲ್ಲರೂ ಎಡವೋದು ಒಂದೇ ಕಡೆ: ಕೊನೇ ಅಂಕಿ ನೋಡಿ ಮುಂದಕ್ಕೆ ಹೋಗ್ತಾರೆ. ಕಾಲು ಮೈಲಿ ಕಾಲು ಮೈಲಿಗೆ ಒಡೆದು ನೋಡ್ರಿ. 1973ರ ಮೇ 5ರ ಕೆಂಟಕಿ ಡರ್ಬಿ ಹತ್ತು ಫರ್ಲಾಂಗು. ಅವನ ಸಮಯ 1 ನಿಮಿಷ 59 ಸೆಕೆಂಡು, ಮೇಲೆ ಐದರಲ್ಲಿ ಎರಡು ಭಾಗ. ಆ ಕಾಲದ ದಾಖಲೆಗಳಲ್ಲಿ ಸೆಕೆಂಡನ್ನು ಐದು ಭಾಗ ಮಾಡಿ ಬರೀತಿದ್ರು, ಒಂದೊಂದು ಭಾಗವೂ 0.2 ಅಂತ ಹಿಡೀರಿ. ಒಡೆದರೆ ಹೀಗೆ: 25.2, 24, 23.8, 23.4, 23. ಒಂದು ಸಲ ಜೋರಾಗಿ ಓದ್ರಿ. ಪ್ರತಿ ಕಾಲು ಮೈಲಿಯೂ ಹಿಂದಿನದಕ್ಕಿಂತ ಜೋರು! ಕಾರಹುಣ್ಣಿಮೆಯಲ್ಲಿ ಕರಿ ಹರಿಯೋಕೆ ಎತ್ತು ಓಡೋದು ನೋಡಿದೀರಲ್ಲ, ಮೊದಲ ಜಿಗಿತದಲ್ಲಿ ಇರೋ ಕಸುವು ಕರಿ ಹತ್ತಿರ ಬರೋ ಹೊತ್ತಿಗೆ ಇರೋದಿಲ್ಲ. ಪ್ರಾಣಿಯ ಮೈ ಇರೋದೇ ಹಾಗೆ. ಇವನು ಹದಿಮೂರು ಕುದುರೆಗಳ ಪೈಕಿ ಹಿಂದಿನ ಗುಂಪಿನಲ್ಲಿ ಶುರು ಮಾಡಿ, ಕೊನೇ ಕಾಲು ಮೈಲಿಯನ್ನು ಎಲ್ಲಕ್ಕಿಂತ ಬೇಗ ಓಡಿದ. ಈ ಐದು ಅಂಕಿ ಮೊದಲ ಸಲ ಬರ್ಕೊಂಡ ರಾತ್ರಿ ನಾನು ಎರಡು ಸಲ ಎದ್ದು ಲೆಕ್ಕ ಸರಿ ಇದೆಯಾ ಅಂತ ನೋಡಿದ್ದೆ.

ಬೆಲ್ಮಾಂಟ್‌ನಲ್ಲೂ ಅವನು ಹಾಗೇ ವೇಗ ಏರಿಸುತ್ತಾ ಹೋದ ಅಂತ ಬಹಳ ಜನ ನಂಬಿದ್ದಾರೆ. ಒಡೆದು ನೋಡ್ರಿ: 23.6, 22.6, 23.6, 24.4, 24.8, 25. ಎರಡನೇ ಕಾಲು ಮೈಲಿ ಆದ ಮೇಲೆ ನಿಧಾನ ಆಗ್ತಾನೇ ಹೋಗಿದ್ದಾನೆ. ಆದರೂ 31 ಲೆಂಗ್ತ್, ಅಂದರೆ 31 ಕುದುರೆ ಉದ್ದದ ಅಂತರದ ಗೆಲುವು. ಅಷ್ಟು ದೂರಕ್ಕೆ ಮೊದಲ ಅರ್ಧ ಮೈಲಿಯನ್ನು ಹಾಗೆ ಓಡಿದ ಕುದುರೆ ಕುಸಿದು ಬೀಳಬೇಕಿತ್ತು, ಇವನು ತುಸು ನಿಧಾನವಾದ ಅಷ್ಟೇ. ಎರಡೂ ಓಟ ದೊಡ್ಡವೇ, ಆದರೆ ಬೇರೆ ಬೇರೆ ಕಾರಣಕ್ಕೆ. ನನ್ನನ್ನು ಕೇಳಿದರೆ ಡರ್ಬಿಯೇ ಒಂದು ಕೈ ಮೇಲು.

ಒಂದು ಎಚ್ಚರಿಕೆ. ಓಟದ ಪಟ್ಟಿಯಲ್ಲಿ ಅಚ್ಚಾಗೋ ನಡುವಿನ ಸಮಯಗಳು ಆ ಹೊತ್ತಿಗೆ ಮುಂದಿದ್ದ ಕುದುರೆಯವು. ಹಿಂದಿದ್ದ ಕುದುರೆಯ ಸಮಯ ಬೇಕಿದ್ದರೆ ಅಂತರ ನೋಡಿ, ಒಂದು ಲೆಂಗ್ತ್‌ಗೆ 0.2 ಸೆಕೆಂಡು ಕೂಡಿಸ್ರಿ. ಇದು ಹಳೇ ಒರಟು ಲೆಕ್ಕ, ಆದರೆ ಕೆಲಸಕ್ಕೆ ಬರ್ತದೆ. ಲೆಂಗ್ತ್ ಅಂದರೆ ಮೂಗಿನಿಂದ ಬಾಲದವರೆಗೆ ಒಂದು ಕುದುರೆ, ಸುಮಾರು ಎಂಟು ಅಡಿ. 31 ಲೆಂಗ್ತ್ ಅಂದರೆ ಸುಮಾರು 75 ಮೀಟರ್.

ಇನ್ನು ಕೆಂಪು ಸಾಲು. ನೋಟ್‌ಬುಕ್ ಇಟ್ಟಿರೋದೇ ಇದಕ್ಕಾಗಿ. ಐದು ಸೋಲಿವೆ, ಒಂದೊಂದಕ್ಕೂ ಷರಾ ಬರೀಲೇಬೇಕು.

1972ರ ಜುಲೈ 4, ಅಕ್ವಡಕ್ಟ್ ಮೈದಾನ: ಹೊರಟ ಕೂಡಲೇ ಪಕ್ಕದ ಕುದುರೆ ಜೋರಾಗಿ ಗುದ್ದಿತು, ನಾಲ್ಕನೇ ಸ್ಥಾನ. ಅದೇ ವರ್ಷ ಅಕ್ಟೋಬರಿನ ಶಾಂಪೇನ್ ಸ್ಟೇಕ್ಸ್: ಗೆರೆ ಮೊದಲು ದಾಟಿದ್ದು ಇವನೇ, ಆದರೆ ಇನ್ನೊಂದು ಕುದುರೆಗೆ ಅಡ್ಡ ಬಂದ ಅಂತ ಎರಡನೇ ಸ್ಥಾನಕ್ಕೆ ಇಳಿಸಿದ್ರು. ಅಂದರೆ ದಾಖಲೆಯಲ್ಲಿ ಸೋಲು, ಕಾಲಿನಲ್ಲಿ ಗೆಲುವು. 1973ರ ಆಗಸ್ಟಿನ ವಿಟ್ನಿ: ಆನಿಯನ್ ಅನ್ನೋ ಕುದುರೆಗೆ ಸೋತ, ಮೈಯಲ್ಲಿ ಸೋಂಕಿನ ಜ್ವರ ಇತ್ತು. ಸೆಪ್ಟೆಂಬರಿನ ವುಡ್‌ವರ್ಡ್: ಪ್ರೂವ್ ಔಟ್‌ಗೆ ಸೋತ. ಅವತ್ತು ಓಡಬೇಕಿದ್ದದ್ದು ಅದೇ ಲಾಯದ ರಿವಾ ರಿಡ್ಜ್. ಮಳೆ ಬಿದ್ದು ನೆಲ ಕೆಸರಾಯ್ತು ಅಂತ ಅವನ ಬದಲಿಗೆ ಸೆಕ್ರೆಟೇರಿಯಟ್‌ನನ್ನು ಓಡಿಸಿದ್ರು. ಆನಿಯನ್, ಪ್ರೂವ್ ಔಟ್ ಎರಡನ್ನೂ ತಯಾರು ಮಾಡಿದವರು ಒಬ್ಬರೇ, ಅಲೆನ್ ಜರ್ಕೆನ್ಸ್. ಹೀಗೆ ಒಂದೇ ಹೆಸರು ಎರಡು ಕಡೆ ಕಂಡರೆ ಅಡಿಗೆರೆ ಎಳೀರಿ, ಆ ಮನುಷ್ಯನಿಗೆ ಕೆಲಸ ಗೊತ್ತಿದೆ.

ಐದನೇ ಕೆಂಪು ಸಾಲನ್ನು ಬೇಕಂತಲೇ ಕೊನೆಗೆ ಇಟ್ಟಿದ್ದೀನಿ. ಡರ್ಬಿಗೆ ಎರಡೇ ವಾರ ಮುಂಚೆ, 1973ರ ಏಪ್ರಿಲ್ 21, ವುಡ್ ಮೆಮೋರಿಯಲ್. ಮೂರನೇ ಸ್ಥಾನ. ಗೆದ್ದದ್ದು ಲಾರಿನ್ ಅವರೇ ತಯಾರು ಮಾಡಿದ ಇನ್ನೊಂದು ಕುದುರೆ, ಆಂಗಲ್ ಲೈಟ್. ಇವನ ಕಾಲ ಮುಗೀತು ಅಂತ ಆಗ ಬಹಳ ಜನ ಅಂದ್ಕೊಂಡ್ರು. ಕಾರಣ ಇದ್ದದ್ದು ಮೇಲ್ದುಟಿಯ ಒಳಗೆ, ಒಂದು ಕೀವುಗುಳ್ಳೆ.

ಇದನ್ನು ಓದಿದಾಗ ನನಗೆ ನಮ್ಮ ಲಾಲಿ ನೆನಪಾದಳು. ಅಪ್ಪನ ಟಾಂಗಾದ ಹೆಣ್ಣು ಕುದುರೆ. ನನಗೆ ಹನ್ನೊಂದೋ ಹನ್ನೆರಡೋ ವರ್ಷ. ಒಂದು ಬೆಳಿಗ್ಗೆ ಸ್ಟೇಷನ್ ಗಾಡಿಗೆ ಹೋಗೋಕೆ ಕಡಿವಾಣ ಹಾಕಹೋದರೆ ತಲೆ ಎತ್ತಿ ಎತ್ತಿ ಒದರಿದಳು. ಮೊಂಡಾಟ ಅಂತ ನಾನು ಬಾರುಕೋಲು ತಗೊಂಡೆ. ಅಪ್ಪ ಅದನ್ನು ಕಿತ್ತು ಮೂಲೆಗೆ ಎಸೆದ್ರು. "ಹುರುಳಿ ನೋಡಿದೆಯೇನಲೇ?" ಅಂದ್ರು. ರಾತ್ರಿ ಇಟ್ಟ ಬೇಯಿಸಿದ ಹುರುಳಿ ಬುಟ್ಟಿಯಲ್ಲಿ ಹಾಗೇ ಇತ್ತು, ಮೇಲೆ ನೊಣ ಕೂತಿದ್ವು. ಅಪ್ಪ ಹೆಬ್ಬೆರಳಿನಿಂದ ಅವಳ ತುಟಿ ಮೇಲಕ್ಕೆ ಮಡಚಿದ್ರು. ವಸಡಿನ ಪಕ್ಕ ಗೋಲಿಯಷ್ಟು ಊತ, ತುದಿ ಬೆಳ್ಳಗೆ. ಕಡಿವಾಣದ ಕಬ್ಬಿಣ ನೇರ ಅದರ ಮೇಲೇ ಕೂರ್ತಿತ್ತು. ದನದ ಡಾಕ್ಟರು ಬಂದು ಕೊಯ್ದು ಕೀವು ತೆಗೆದ್ರು. ನಾಲ್ಕು ದಿನ ಗಾಡಿ ಕಟ್ಟಲಿಲ್ಲ, ನಾಲ್ಕು ದಿನದ ದುಡಿಮೆ ಹೋಯ್ತು, ಅಮ್ಮ ಅಂಗಡಿಯಲ್ಲಿ ಸಾಲ ಹೇಳಿದರು. ಐದನೇ ದಿನ ಲಾಲಿ ತಾನೇ ಬಾಯಿ ತೆರೆದು ಕಡಿವಾಣ ತಗೊಂಡಳು.

ಹಾಗಾಗಿ ವುಡ್ ಮೆಮೋರಿಯಲ್ ಸಾಲಿನ ಮುಂದೆ ನಾನು ಬರೆದಿರೋದು ಒಂದೇ ಮಾತು: "ತುಟಿ ಎತ್ತಿ ನೋಡು." ಯಾವ ಚಾಂಪಿಯನ್‌ನ ದಾಖಲೆ ಓದಿದರೂ, ಇದ್ದಕ್ಕಿದ್ದಂತೆ ಒಂದು ಸೋಲು ಕಂಡರೆ ಬಾಯಿ, ಗೊರಸು, ಜ್ವರ, ನೆಲ, ಈ ನಾಲ್ಕನ್ನು ಹುಡುಕ್ರಿ. ನಾಲ್ಕೂ ಇಲ್ಲದಿದ್ದರೆ ಎದುರಾಳಿ ಚೆನ್ನಾಗಿ ಓಡಿದ ಅಂತ ಧಾರಾಳವಾಗಿ ಬರೀರಿ.

ಗಡಿಯಾರವನ್ನೂ ಕಣ್ಣುಮುಚ್ಚಿ ನಂಬಬೇಡ್ರಿ. 1973ರ ಮೇ 19ರ ಪ್ರೀಕ್ನೆಸ್ ಓಟದಲ್ಲಿ ಮೈದಾನದ ಯಂತ್ರ ಕೆಟ್ಟ ಲೆಕ್ಕ ಕೊಟ್ಟಿತು. ವರ್ಷಗಟ್ಟಲೆ 1 ನಿಮಿಷ 54.4 ಸೆಕೆಂಡು ಅಂತಲೇ ಪುಸ್ತಕದಲ್ಲಿತ್ತು. 2012ರಲ್ಲಿ ವಿಡಿಯೊ ಇಟ್ಟು ಮತ್ತೆ ಅಳೆದು 1 ನಿಮಿಷ 53 ಅಂತ ತಿದ್ದಿದ್ರು. ಹಳೇ ಪುಸ್ತಕ ನೋಡ್ತಿದ್ದರೆ ಎರಡನ್ನೂ ಬರ್ಕೊಂಡು ವರ್ಷ ಹಾಕ್ರಿ. ಈ ತಿದ್ದುಪಡಿಯಿಂದ ಡರ್ಬಿ, ಪ್ರೀಕ್ನೆಸ್, ಬೆಲ್ಮಾಂಟ್ ಮೂರರ ದಾಖಲೆ ಸಮಯವೂ ಅವನ ಹೆಸರಿಗೇ ಬಂತು.

ಹುಲ್ಲಿನ ಓಟಗಳಿಗೆ ಬೇರೆ ಗುರುತು ಹಾಕ್ರಿ. ಮಣ್ಣಿನ ಮೇಲೆ ಗೆದ್ದ ಕುದುರೆ ಹುಲ್ಲಿನ ಮೇಲೂ ಗೆಲ್ತದೆ ಅನ್ನೋ ಖಾತ್ರಿ ಇಲ್ಲ, ಗೊರಸಿಗೆ ಸಿಗೋ ಹಿಡಿತವೇ ಬೇರೆ. ಇವನು ಮ್ಯಾನ್ ಓ ವಾರ್ ಸ್ಟೇಕ್ಸ್ ಹುಲ್ಲಿನ ಮೇಲೆ ಗೆದ್ದ. 1973ರ ಅಕ್ಟೋಬರ್ 28ರಂದು ಕೆನಡಾದ ವುಡ್‌ಬೈನ್‌ನಲ್ಲಿ ಕೊನೇ ಓಟವನ್ನೂ ಹುಲ್ಲಿನ ಮೇಲೇ ಗೆದ್ದ. ಅವತ್ತು ಜಾಕಿ ಎಡ್ಡಿ ಮೇಪಲ್.

ಮೂರನೇ ವಯಸ್ಸಿಗೇ ಯಾಕೆ ನಿಲ್ಲಿಸಿದ್ರು ಅಂತ ಹುಡುಗರು ಕೇಳ್ತಾರೆ. ಆ ವರ್ಷದ ಓಟಗಳು ಶುರುವಾಗೋ ಮೊದಲೇ ತಳಿಗಾಗಿ ಅವನನ್ನು 32 ಪಾಲು ಮಾಡಿ ಮಾರಿದ್ರು. ಪಾಲಿಗೆ 1,90,000 ಡಾಲರ್, ಒಟ್ಟು 60.8 ಲಕ್ಷ ಡಾಲರ್. ವರ್ಷದ ಕೊನೆಗೆ ಓಟ ಬಿಡಬೇಕು ಅಂತ ಕರಾರು. ನಾಲ್ಕನೇ ವಯಸ್ಸಿಗೆ, ಮೈ ಪೂರ್ತಿ ಬಲಿತ ಮೇಲೆ ಅವನು ಹೇಗೆ ಓಡ್ತಿದ್ದ ಅನ್ನೋದು ಯಾರಿಗೂ ಕಾಣದೇ ಹೋಯ್ತು. ಈ ಸಂಕಟ ನನಗೆ ಇನ್ನೂ ಹೋಗಿಲ್ಲ.

21 ಸಾಲು ಮುಗಿದ ಮೇಲೂ ಒಂದು ಸಾಲು ಸೇರಿಸ್ರಿ: 1989ರ ಅಕ್ಟೋಬರ್ 4, ಕೆಂಟಕಿಯ ಕ್ಲೇಬೋರ್ನ್ ಫಾರ್ಮ್. ವಯಸ್ಸು 19. ಗೊರಸಿನ ಒಳಪದರ ಉರಿದು ಊದೋ ರೋಗ, ವಾಸಿಯಾಗೋ ದಾರಿ ಕಾಣದೆ ನೋವಿಲ್ಲದಂತೆ ಪ್ರಾಣ ತೆಗೆದ್ರು. ಗೊರಸಿನ ಗೋಡೆಯನ್ನೂ ಒಳಗಿನ ಮೂಳೆಯನ್ನೂ ಹಿಡಿದಿರೋದು ಪುಸ್ತಕದ ಹಾಳೆಯಂತೆ ಒಂದರೊಳಗೊಂದು ಹೆಣೆದ ತೆಳು ಪದರಗಳು. ಅವು ಸಡಿಲಾದರೆ ಇಡೀ ಮೈಭಾರಕ್ಕೆ ಮೂಳೆ ಒಳಗೇ ಕುಸೀತದೆ. ನನ್ನ ಕೈಗೆ ಬಂದ ಎರಡು ಟಾಂಗಾ ಕುದುರೆಗಳಲ್ಲಿ ಇದನ್ನು ಕಂಡಿದ್ದೀನಿ. ಗೊರಸು ಮುಟ್ಟಿದರೆ ಬಿಸಿ, ಮುಂಗಾಲು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲಿನ ಮೇಲೆ ಹಾಕಿ ನಿಂತಿರ್ತವೆ. ಷರಾದಲ್ಲಿ ಅಂಥ ಒಂದು ಗೊರಸಿನ ಚಿತ್ರ ಬಿಡಿಸಿ, ಬಿಟ್ಟುಕೊಂಡ ಜಾಗಕ್ಕೆ ಕೆಂಪು ಗೆರೆ ಎಳೆದಿದ್ದೀನಿ.

ಈಗ ವಿಡಿಯೊ ಹಾಕ್ರಿ. ಬೆಲ್ಮಾಂಟ್ ನೋಡೋವಾಗ ಮೊದಲ ಆರು ಫರ್ಲಾಂಗು ಅವನ ಭುಜಕ್ಕೆ ಭುಜ ಕೊಟ್ಟು ಓಡೋ ಇನ್ನೊಂದು ಕುದುರೆ ಕಾಣ್ತದೆ, ಹೆಸರು ಶಾಮ್. ಡರ್ಬಿಯಲ್ಲಿ ಗೇಟಿಗೆ ತಲೆ ಬಡಿದು ಹಲ್ಲು ಹೋಗಿದ್ದರೂ ಎರಡೂವರೆ ಲೆಂಗ್ತ್ ಹಿಂದೆ ಎರಡನೇದಾಗಿ ಬಂದವನು. ಮೇಲೆ ಹೇಳಿದ ಒರಟು ಲೆಕ್ಕದಲ್ಲಿ ಅವನ ಸಮಯ ತೆಗೀರಿ: 1 ನಿಮಿಷ 59.4ಕ್ಕೆ ಅರ್ಧ ಸೆಕೆಂಡು ಸೇರಿಸಿದರೆ 1 ನಿಮಿಷ 59.9. ಅಲ್ಲಿಯವರೆಗಿನ ಡರ್ಬಿ ದಾಖಲೆ 1964ರ ನಾರ್ದರ್ನ್ ಡ್ಯಾನ್ಸರ್‌ನದು, 2 ನಿಮಿಷ. ಬೆಲ್ಮಾಂಟ್‌ನಲ್ಲಿ ಶಾಮ್ ಐದರಲ್ಲಿ ಐದನೆಯವನಾದ. ಮುಂದಿನ ತಿಂಗಳು ಕಾಲಿನ ಮೂಳೆ ಬಿರುಕು ಬಿಟ್ಟದ್ದು ಗೊತ್ತಾಯ್ತು, ಮತ್ತೆ ಓಡಲಿಲ್ಲ. ನೋಟ್‌ಬುಕ್ಕಿನ ಹೊಸ ಹಾಳೆ ತಿರುವಿ, ತಲೆಯ ಮೇಲೆ ಅವನ ಹೆಸರು ಬರೆದು ಗೆರೆ ಹಾಕ್ರಿ.