ಒಂದು ಸಾಲು ಅಂದರೆ ಏನು? ಸೇಲ್ಸ್ ಡ್ಯಾಶ್‌ಬೋರ್ಡ್ ಕಲಿತ ನನ್ನ ಅನುಭವ

ಅಂಕಿಅಂಶಗಳಿಂದ ಚಾರ್ಟ್, ವರದಿ ಕಟ್ಟುವ ಮೈಕ್ರೋಸಾಫ್ಟ್‌ನ ಸಾಫ್ಟ್‌ವೇರ್ ಪವರ್ ಬಿಐ ಕಲಿಯಲು ಕೂತಾಗ ನಾನು ಮೊದಲು ಕೈ ಹಾಕಿದ್ದು ಚಾರ್ಟ್‌ಗಳಿಗೆ. ಅಲ್ಲಿಯವರೆಗೆ ಪ್ರತಿ ಸೋಮವಾರ ಎಕ್ಸೆಲ್‌ನಲ್ಲಿ ಪಿವಟ್ ಟೇಬಲ್ ಮಾಡಿ ಮಾರಾಟದ ವರದಿ ಕಳಿಸುತ್ತಿದ್ದೆ. ಎರಡು ವಾರ ಕಷ್ಟಪಟ್ಟು ಒಂದು ಪುಟ ಕಟ್ಟಿದೆ. ಅದರಲ್ಲಿ 14 ಚಾರ್ಟ್ ಇದ್ದವು. ಅಕೌಂಟ್ಸ್‌ನ ಸಹೋದ್ಯೋಗಿಯೊಬ್ಬರಿಗೆ ತೋರಿಸಿದೆ. ಅವರು ಚಾರ್ಟ್ ಯಾವುದನ್ನೂ ನೋಡಲಿಲ್ಲ. ಮೇಲಿದ್ದ ಟೋಟಲ್ ನೋಡಿ, "ಇದು ನಮ್ಮ ಲೆಕ್ಕಕ್ಕೆ ತಾಳೆ ಆಗ್ತಿಲ್ವಲ್ಲ" ಅಂದರು.

ತಪ್ಪು ಹುಡುಕಲು ಮೂರು ದಿನ ಹಿಡಿಯಿತು. ಮಾರಾಟದ ಫೈಲ್‌ನಲ್ಲಿ 41,286 ಸಾಲುಗಳಿದ್ದವು. ಪವರ್ ಕ್ವೆರಿಯಲ್ಲಿ (ಪವರ್ ಬಿಐ ಒಳಗೆ ಡೇಟಾ ತಂದು ಸರಿಪಡಿಸುವ ಭಾಗ) ಅದನ್ನು ಪ್ರಾಡಕ್ಟ್ ಪಟ್ಟಿಯ ಜೊತೆ ಮರ್ಜ್ ಮಾಡಿದ, ಅಂದರೆ ಕೋಡ್ ಹೊಂದಿಸಿ ಜೋಡಿಸಿದ ಮೇಲೆ 41,902 ಆಗಿದ್ದವು. ಆ 616 ಸಾಲು ಎಲ್ಲಿಂದ ಬಂದವು? ಪಟ್ಟಿಯಲ್ಲಿ ಕೆಲವು ಕೋಡ್‌ಗಳು ಎರಡೆರಡು ಸಲ ಇದ್ದವು. ಕೋಡ್ ಒಂದೇ, ಆದರೆ ಒಂದು ಕಡೆ ಹೆಸರಿನ ಕೊನೆಗೆ ಸ್ಪೇಸ್ ಜಾಸ್ತಿ, ಇನ್ನೊಂದು ಕಡೆ ವಿಭಾಗವೇ ಬೇರೆ. ಆ ಕೋಡ್‌ನ ಪ್ರತಿ ಮಾರಾಟವೂ ಎರಡು ಸಲ ಎಣಿಕೆಯಾಗಿತ್ತು. ಎರರ್ ಒಂದೂ ಬರಲಿಲ್ಲ.

ಅಂದಿನಿಂದ ಯಾವ ಟೇಬಲ್ ಬಂದರೂ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದರ ಒಂದು ಸಾಲು ಅಂದರೆ ಏನು? ಒಂದು ಬಿಲ್ಲಾ, ಬಿಲ್‌ನೊಳಗಿನ ಒಂದು ಐಟಮ್ಮಾ, ಒಂದು ದಿನದ ಮೊತ್ತವಾ? ಇದಕ್ಕೆ ಗ್ರೇನ್ ಅನ್ನುತ್ತಾರೆ. ನಮ್ಮ ಮಾರಾಟದ ಟೇಬಲ್‌ನಲ್ಲಿ ಒಂದು ಸಾಲು ಅಂದರೆ ಒಂದು ಐಟಮ್. ಟಾರ್ಗೆಟ್ ಟೇಬಲ್‌ನಲ್ಲಿ ಒಂದು ಸಾಲು ಅಂದರೆ ಒಬ್ಬ ಸೇಲ್ಸ್ ಪ್ರತಿನಿಧಿಯ ಒಂದು ತಿಂಗಳು. ಇವೆರಡನ್ನೂ ಒಂದೇ ಟೇಬಲ್‌ಗೆ ತುರುಕಿದರೆ ತಿಂಗಳ ಟಾರ್ಗೆಟ್ ಪ್ರತಿ ಐಟಮ್‌ಗೂ ಅಂಟಿಕೊಂಡು ನೂರಾರು ಪಟ್ಟು ಬೆಳೆಯುತ್ತದೆ. ಅದಕ್ಕೇ ಸ್ಟಾರ್ ಸ್ಕೀಮಾ: ನಡುವೆ ಮಾರಾಟ, ಸುತ್ತಲೂ ಗ್ರಾಹಕ, ಪ್ರಾಡಕ್ಟ್, ಪ್ರತಿನಿಧಿ, ತಾರೀಖುಗಳ ಟೇಬಲ್‌ಗಳು. ಸುತ್ತಲಿನ ಟೇಬಲ್‌ನಲ್ಲಿ ಒಂದು ಕೋಡ್ ಒಂದೇ ಸಲ ಇರಬೇಕು. ಟಾರ್ಗೆಟ್ ಬೇರೆಯಾಗೇ ನಿಂತು, ಅದೇ ಪ್ರತಿನಿಧಿ ಮತ್ತು ತಾರೀಖಿನ ಟೇಬಲ್‌ಗಳ ಮೂಲಕ ಮಾರಾಟದ ಪಕ್ಕಕ್ಕೆ ಬರುತ್ತದೆ. ಇದನ್ನು ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಬರೆದುಕೊಂಡ ದಿನವೇ ನನಗೆ ವಿಷಯ ತಲೆಗೆ ಹತ್ತಿದ್ದು.

ತಾರೀಖಿನದ್ದು ಇನ್ನೊಂದು ಕಥೆ. ಜುಲೈ ತಿಂಗಳಲ್ಲಿ ಕೂತು ನೋಡಿದರೆ ಚಾರ್ಟ್‌ನಲ್ಲಿ ಡಿಸೆಂಬರ್ ಮಾರಾಟ ಕಾಣಿಸುತ್ತಿತ್ತು! ಫೈಲ್‌ನಲ್ಲಿ ದಿನ ಮೊದಲು, ತಿಂಗಳು ಆಮೇಲೆ. ಪವರ್ ಕ್ವೆರಿ ಅದನ್ನು ತಿಂಗಳು ಮೊದಲು ಎಂದು ಓದಿತ್ತು. 12-07 ಅನ್ನೋದು ಡಿಸೆಂಬರ್ 7 ಆಯಿತು. 13ನೇ ತಾರೀಖಿನಿಂದಾಚೆಗಿನ ಸಾಲುಗಳಲ್ಲಿ ತಾರೀಖೇ ಎರರ್. ತಾರೀಖಿನ ಕಾಲಂಗೆ ಲೊಕೇಲ್, ಅಂದರೆ ಯಾವ ದೇಶದ ಬರವಣಿಗೆ ಪದ್ಧತಿ ಅನ್ನೋದನ್ನು ಹೇಳಿ ಟೈಪ್ ಬದಲಿಸಿದರೆ ಸರಿಹೋಗುತ್ತದೆ, ಅಷ್ಟೇ.

ಪವರ್ ಬಿಐನಲ್ಲಿ ಲೆಕ್ಕ ಬರೆಯುವ ಭಾಷೆಯಾದ ಡ್ಯಾಕ್ಸ್‌ನ ಫಾರ್ಮುಲಾಗಳಲ್ಲಿ ನಾನು ಎಲ್ಲಕ್ಕಿಂತ ಜಾಸ್ತಿ ಎಚ್ಚರ ವಹಿಸುವುದು ಶೇಕಡಾವಾರಿನಲ್ಲಿ. ಒಂದು ಆರ್ಡರ್ 100ರದ್ದು, ಲಾಭ 50, ಅಂದರೆ ಶೇ. 50. ಇನ್ನೊಂದು 900ರದ್ದು, ಲಾಭ 90, ಅಂದರೆ ಶೇ. 10. ಎರಡರ ಸರಾಸರಿ ತೆಗೆದರೆ ಶೇ. 30. ಆದರೆ ನಿಜವಾಗಿ ಕೈಗೆ ಬಂದದ್ದು 1,000ಕ್ಕೆ 140, ಅಂದರೆ ಶೇ. 14 ಮಾತ್ರ. ಪ್ರತಿ ಸಾಲಿನಲ್ಲಿ ಶೇಕಡಾ ಲೆಕ್ಕ ಹಾಕಿ ಸರಾಸರಿ ತೆಗೆಯಬಾರದು. ಲಾಭದ ಮೊತ್ತ, ಮಾರಾಟದ ಮೊತ್ತ ಎರಡನ್ನೂ ಕೂಡಿಸಿ, ಆಮೇಲೆ ಮೆಷರ್‌ನಲ್ಲಿ (ಚಾರ್ಟ್ ತೋರಿಸುವಾಗ ಮೊತ್ತದ ಮೇಲೆ ಲೆಕ್ಕ ಹಾಕುವ ಫಾರ್ಮುಲಾ) ಭಾಗಿಸಬೇಕು.

ಹೋದ ವರ್ಷದ ಜೊತೆ ಹೋಲಿಸುವಾಗಲೂ ಹುಷಾರು. ಈ ತಿಂಗಳ ಹತ್ತು ದಿನವನ್ನು ಹೋದ ವರ್ಷದ ಪೂರ್ತಿ ತಿಂಗಳ ಪಕ್ಕ ಇಟ್ಟರೆ ಮಾರಾಟ ಕುಸಿದ ಹಾಗೆ ಕಾಣುತ್ತದೆ. ಪಾಪ, ಸೇಲ್ಸ್ ತಂಡದವರು ಸುಮ್ನೆ ಗಾಬರಿಯಾಗುತ್ತಾರೆ.

ಲೆಕ್ಕ ತಾಳೆಯಾದ ಮೇಲೆ ಪುಟವನ್ನು ಮತ್ತೆ ಕಟ್ಟಿದೆ. ಈ ಸಲ ಮೊದಲು ಸೇಲ್ಸ್ ಮ್ಯಾನೇಜರ್ ಪಕ್ಕ ಕೂತು, ಬೆಳಿಗ್ಗೆ ಬಂದ ಕೂಡಲೇ ಅವರಿಗೆ ಏನು ಗೊತ್ತಾಗಬೇಕು ಅಂತ ಕೇಳಿದೆ. ಅವರು ಮೂರೇ ಹೇಳಿದರು: ಈ ತಿಂಗಳು ಟಾರ್ಗೆಟ್ ಮುಟ್ಟುತ್ತೇವಾ, ಎಲ್ಲಿ ಬಿದ್ದಿದ್ದೇವೆ, ಯಾವ ಗ್ರಾಹಕರು ಖರೀದಿ ನಿಲ್ಲಿಸಿದ್ದಾರೆ. 14 ಚಾರ್ಟ್‌ಗಳಲ್ಲಿ ಮೂರನೆಯದಕ್ಕೆ ಉತ್ತರ ಒಂದರಲ್ಲೂ ಇರಲಿಲ್ಲ. ಈಗ ಪುಟದಲ್ಲಿ ನಾಲ್ಕು ಚಾರ್ಟ್, ಜೊತೆಗೆ 60 ದಿನದಿಂದ ಏನೂ ಕೊಳ್ಳದ ಗ್ರಾಹಕರ ಪಟ್ಟಿ. ಅವರು ಮೊದಲು ತೆರೆಯುವುದು ಆ ಪಟ್ಟಿಯನ್ನೇ.

ವಾಪಸ್ ಬಂದ ಸರಕಿನ ವಿಚಾರ ಮಾತ್ರ ತುಂಬಾ ದಿನ ಎಳೆಯಿತು. ಅದನ್ನು ಬಿಲ್ ಆದ ತಿಂಗಳಲ್ಲಿ ಕಳೆಯಬೇಕಾ, ವಾಪಸ್ ಬಂದ ತಿಂಗಳಲ್ಲಾ? ಎರಡಕ್ಕೂ ಕಾರಣಗಳಿವೆ. ಅಕೌಂಟ್ಸ್‌ನವರನ್ನೂ ಕೂರಿಸಿಕೊಂಡು ಮಾತಾಡಿ, ವಾಪಸ್ ಬಂದ ತಿಂಗಳಲ್ಲೇ ಎಂದು ತೀರ್ಮಾನಿಸಿದೆವು. ಅದನ್ನು ಚಾರ್ಟ್‌ನ ಕೆಳಗೆ ಒಂದು ಸಾಲಿನಲ್ಲಿ ಬರೆದಿದ್ದೇನೆ.